ಇನ್ನೊಂದು ದಾರಿ

ಚೆನ್ನೈನ ಅಂಬತ್ತೂರಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಹುಡುಗಿ ವಿಡಿಯೋ ಗೇಮಿನ ಮಾನ್‌ಸ್ಟರ್ ಕಾಳಗದಲ್ಲಿ ಟೀವಿಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ನಾನು ಬೆಂಕಿಯ ಪ್ರಾಣಿಯನ್ನು ಇಳಿಸುತ್ತೇನೆಂದು ಮೊದಲೇ ಊಹಿಸಿ ನೀರಿನದನ್ನು ಇಳಿಸಿರುತ್ತಿದ್ದಳು. “ಒಂದನ್ನೇ ನಂಬ್ಕೋಬೇಡ, ಇನ್ನೊಂದು ದಾರಿ ಇಟ್ಕೊಂಡಿರು” ಎನ್ನುವುದು ಅವಳ ಮಾತು.

“ಎದುರಿಗಿರೋರ ಮನಸ್ಸು ಹೇಗೆ ಗೊತ್ತಾಗುತ್ತೆ? ನನಗೂ ಹೇಳ್ಕೊಡೇ” ಎಂದು ಒಂದು ಸಂಜೆ ಪೀಡಿಸುತ್ತಿದ್ದೆ. ಕೆಳಗೆ ಸ್ಕೂಟರ್ ನಿಂತಿತು. ಗೇಟು ಧಡಾರನೆ ಬಡಿಯಿತು. ಗೆಲ್ಲುತ್ತಿದ್ದ ಆಟವನ್ನು ಅವಳು ಆರಿಸಿದಳು. ಆಡಿದ್ದು ಬಿಸಿಯಿಂದ ಗೊತ್ತಾಗದಿರಲೆಂದು ಟೀವಿಯ ಮೇಲೆ ಒದ್ದೆ ಬಟ್ಟೆ ಒತ್ತಿದಳು.

“ಇವತ್ತು ಅಪ್ಪ ಹೊಡೀತಾರೆ. ಹಿಂದಿನ ಮೆಟ್ಟಿಲಲ್ಲಿ ಬೇಗ ಹೋಗು, ಸೀಕ್ರಂ” ಎಂದಳು, ಇನ್ನೂ ಅವರ ಮುಖವನ್ನು ನೋಡುವ ಮೊದಲೇ.

ಮೆಟ್ಟಿಲಿಳಿಯುವಾಗ ನಾಚಿಕೆಯಿಂದ ನನ್ನ ಕಿವಿ ಉರಿಯುತ್ತಿತ್ತು. ಹೇಳಿಕೊಡು ಎಂದು ನಾನು ದುಂಬಾಲು ಬಿದ್ದಿದ್ದು ಈ ವಿದ್ಯೆಗೆ.