ಹೊಲಿಗೆ ಟೀಚರ್ ಎದೆಯ ಸಪ್ಪಳ

ಹೋದ ವಾರ ರಕ್ತ ಪರೀಕ್ಷೆಗೆ ಬಂದಿದ್ದ ಅಜ್ಜಿಯೊಬ್ಬರು ನಮ್ಮ ಲ್ಯಾಬಿನ ಮೇಜಿನ ಮೇಲೆ ನಾಲ್ಕು ಕಮಲಾಪುರದ ಕೆಂಬಾಳೆ ಹಣ್ಣು ಇಟ್ಟು ಹೋದರು. ಪೂರ್ತಿ ಕಳಿತ ಹಣ್ಣು. ನಾನು ಆಗಷ್ಟೇ ಹತ್ತಿಗೆ ಸ್ಪಿರಿಟ್ ಹಾಕಿಕೊಂಡು ಇನ್ನೊಬ್ಬರ ತೋಳು ಒರೆಸುತ್ತಿದ್ದೆ. ಸ್ಪಿರಿಟ್ಟಿನ ತಣ್ಣನೆಯ ಚುರುಕು ವಾಸನೆ, ಅದರೊಳಗೆ ಮೆಲ್ಲಗೆ ಬಂದು ಬೆರೆತ ಕೆಂಬಾಳೆಯ ಸಿಹಿ... ಕೈ ಹಾಗೇ ನಿಂತುಬಿಟ್ಟಿತು.

"ಯಾಕ್ರೀ, ನರ ಸಿಗವಲ್ದೇನು?" ಎಂದು ಕುರ್ಚಿಯಲ್ಲಿ ಕೂತವರು ಕೇಳಿದರು.

ನರ ಸಿಕ್ಕಿತ್ತು. ಆದರೆ ಆ ಎರಡು ವಾಸನೆ ಕೂಡಿದ್ದನ್ನು ನಾನು ಹಿಂದೆ ಕಂಡದ್ದು ಒಂದೇ ಜಾಗದಲ್ಲಿ, ಒಬ್ಬರೇ ಒಬ್ಬರ ಪಕ್ಕದಲ್ಲಿ ಕೂತಾಗ.

ಆಗ ನನಗೆ ಇಪ್ಪತ್ಮೂರು. ಕಲಬುರಗಿಗೆ ಬಂದು ಲ್ಯಾಬಿನ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿನ ಗಾಜಿಪುರ ಬಡಾವಣೆಯ ಒಂದು ಹಳೆಯ ಮನೆಯ ಕೆಳಗಿನ ಖೋಲಿಯಲ್ಲಿ ಬಾಡಿಗೆಗೆ ಇದ್ದೆ. ಮೇಲಿನ ಖೋಲಿಯಲ್ಲಿದ್ದವರು ಹೊಲಿಗೆ ಟೀಚರ್. ಕಮಲಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಹೊಲಿಗೆ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಓಣಿಯವರೆಲ್ಲ ಬರೀ ಟೀಚರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನಾನು ಮೊದಲ ಸಲ ಮೇಲೆ ಹೋದದ್ದು ಒಂದು ಭಾನುವಾರದ ಮಧ್ಯಾಹ್ನ, ಕುಪ್ಪಸದ ತೋಳು ಸಡಿಲ ಮಾಡಿಸಿಕೊಳ್ಳಲು. ಅವರು ಮಷಿನ್ ನಿಲ್ಲಿಸಿ ದಾರ ಪೋಣಿಸುತ್ತಿದ್ದರು. ಬಿಸಿಲಿಗೆ ಓಣಿಯೆಲ್ಲ ಮಲಗಿತ್ತು. ಆ ಮೌನದಲ್ಲಿ ಟಿಕ್, ಟಿಕ್, ಟಿಕ್ ಎಂಬ ಸಣ್ಣ ಸಪ್ಪಳ. ನಾನು ಗೋಡೆ ನೋಡಿದೆ, ಅವರ ಮಣಿಕಟ್ಟು ನೋಡಿದೆ. ಗಡಿಯಾರ ಎಲ್ಲೂ ಕಾಣಲಿಲ್ಲ.

"ಗಡಿಯಾರ ಹುಡಕಾಕತ್ತೀ ಏನು? ಅದು ನಾನೇ ನೋಡವಾ," ಎಂದು ಅವರು ನಕ್ಕರು.

ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಅವರ ಹೃದಯದ ಒಂದು ಕವಾಟ ಕೆಟ್ಟಿತ್ತಂತೆ. ನಡುವಯಸ್ಸಿನಲ್ಲಿ ಹೈದರಾಬಾದಿನಲ್ಲಿ ಅದನ್ನು ತೆಗೆದು ಲೋಹದ ಕವಾಟ ಕೂಡಿಸಿದ್ದರು. ಅದರ ಎರಡು ಪುಟ್ಟ ಕದಗಳು ತೆರೆದು ಮುಚ್ಚುವ ಸಪ್ಪಳ ಅದು. ಅಂದಿನಿಂದ ಪ್ರತಿ ಸಂಜೆ ರಕ್ತ ತೆಳುವಾಗಿಸುವ ಒಂದು ಗುಳಿಗೆ. ರಕ್ತ ದಪ್ಪವಾದರೆ ಆ ಲೋಹದ ಮೇಲೆ ಹೆಪ್ಪುಗಟ್ಟುತ್ತದೆ, ತೀರಾ ತೆಳುವಾದರೆ ಸೂಜಿ ಚುಚ್ಚಿದ ಬೆರಳೂ ಬೇಗ ಒಣಗುವುದಿಲ್ಲ. ಈ ಎರಡರ ನಡುವೆ ಅವರು ಹೊಲದ ಬದುವಿನ ಮೇಲೆ ನಡೆಯುವ ಹಾಗೆ ಬದುಕಿದ್ದರು. ಪುಂಡಿಸೊಪ್ಪಿನ ಪಲ್ಯವೆಂದರೆ ಪ್ರಾಣ, ಆದರೆ ದಿನಕ್ಕೆ ಒಂದೇ ಸಣ್ಣ ಬಟ್ಟಲು. "ಹಸರ ತಪ್ಪಲಾ ಒಂದಿನ ಭಾಳ, ಒಂದಿನ ಕಮ್ಮಿ ಆತಂದ್ರ ಗುಳಿಗಿ ಹದಾ ತಪ್ತದ," ಎನ್ನುತ್ತಿದ್ದರು. ತಿಂಗಳಿಗೊಮ್ಮೆ ರಕ್ತದ ಹದ ನೋಡುವ ಪರೀಕ್ಷೆ. ಅದಕ್ಕೆ ಅವರು ಲ್ಯಾಬಿಗೆ ಬರುವುದು ನಿಂತು, ನಾನೇ ಮೆಟ್ಟಿಲು ಹತ್ತಿ ಹೋಗಿ ರಕ್ತ ತೆಗೆದುಕೊಂಡು ಬರುವುದು ರೂಢಿಯಾಯಿತು. ತೆಗೆದ ಮೇಲೆ ಹತ್ತಿ ಒತ್ತಿ ಹಿಡಿದು ಕೂರಬೇಕಿತ್ತು, ಬಹಳ ಹೊತ್ತು... ಆ ಹೊತ್ತಿನಲ್ಲೇ ನಾವು ಹತ್ತಿರವಾದೆವು.

ಮರುವರ್ಷ ಅವರಿಗೆ ಹೊಟ್ಟೆನೋವು ಶುರುವಾಯಿತು. ಪಿತ್ತಕೋಶದಲ್ಲಿ ಕಲ್ಲು. ಎರಡು ಸಲ ಜ್ವರ ಬಂದು ಮಲಗಿದ ಮೇಲೆ ಆಪರೇಷನ್ ಮಾಡಲೇಬೇಕು ಎಂದರು. ಹೃದಯದ ಡಾಕ್ಟರ ಹತ್ತಿರ ನಾನೇ ಜೊತೆಗೆ ಹೋದೆ.

"ಗುಳಿಗಿ ಚಾಲೂ ಇಟ್ಟು ಕೊಯ್ದರ ರಕ್ತ ನಿಲ್ಲೂದಿಲ್ಲ. ಗುಳಿಗಿ ಬಂದ್ ಮಾಡಿ ಸುಮ್ನ ಕುಂತ್ರ ವಾಲ್ವಿನಾಗ ರಕ್ತ ಗಟ್ಟಿ ಆಗ್ತದ," ಎಂದು ಡಾಕ್ಟರು ವಿವರಿಸಿದರು. ಆಪರೇಷನ್ನಿಗೆ ಐದು ದಿನ ಮೊದಲು ಗುಳಿಗೆ ನಿಲ್ಲಿಸಬೇಕು. ಅದರ ಗುಣ ಇಳಿಯತೊಡಗಿದಂತೆ ಬೆಳಿಗ್ಗೆ ಸಂಜೆ ಹೊಟ್ಟೆಯ ಚರ್ಮದಡಿ ಒಂದೊಂದು ಸೂಜಿಮದ್ದು. ಸೂಜಿಯ ಗುಣ ಒಂದೇ ದಿನದಲ್ಲಿ ಇಳಿಯುತ್ತದೆ, ಹಾಗಾಗಿ ಕೊನೆಯದನ್ನು ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಹಾಕಿ ನಿಲ್ಲಿಸಿದರೆ ಸಾಕು. ಸೂಜಿ ಹಾಕುವವಳು ನಾನೇ ಎಂದು ತಿಳಿದು ನನ್ನತ್ತ ತಿರುಗಿದರು. "ಆಪರೇಷನ್ ಆದ ಮ್ಯಾಲೂ ಅಷ್ಟೇ. ಗುಳಿಗಿ ಚಾಲೂ ಮಾಡಿದ್ರೂ ಅದು ಕೆಲಸ ಹಿಡೀಲಿಕ್ಕೆ ದಿನ ಬೇಕು. ಅಲ್ಲೀತನಾ ಸೂಜಿ ಇರ್ಬೇಕು. ರಿಪೋರ್ಟ್ ನೋಡಿ ನಾ ಹೇಳೂತನಾ ಬಂದ್ ಮಾಡಬ್ಯಾಡ್ರಿ."

"ಹೂಂ ರೀ," ಎಂದೆ.

ಆ ಐದು ದಿನ ಕಮಲಾಪುರದಲ್ಲಿ, ತಮ್ಮನ ತೋಟದ ಮನೆಯಲ್ಲಿ ಇರುತ್ತೇನೆ ಎಂದು ಟೀಚರ್ ಹಟ ಹಿಡಿದರು. ನಾನು ರಜೆ ಹಾಕಿ ಜೊತೆಗೆ ಹೋದೆ. ಆ ದಿನಗಳನ್ನು ಈಗ ನೆನೆದರೆ ನಿಜವಾಗಿ ನಡೆದವೋ ನಿದ್ದೆಯಲ್ಲಿ ಕಂಡವೋ ಎನಿಸುತ್ತದೆ. ಬಾಳೆಯ ಎಲೆಗಳ ಕೆಳಗೆ ಬಿಸಿಲು ಕೂಡ ಹಸಿರಾಗಿರುತ್ತಿತ್ತು. ಹೊರಸಿನ ಮೇಲೆ ಅವರು ಅಂಗಾತ ಮಲಗುತ್ತಿದ್ದರು. ಪಕ್ಕದ ಖೋಲಿಯಲ್ಲಿ ಹುಲ್ಲಿನಡಿ ಹಣ್ಣಿಗೆ ಹಾಕಿದ್ದ ಕೆಂಬಾಳೆಯ ಗೊನೆಗಳು. ನಾನು ಸ್ಪಿರಿಟ್ ಹಚ್ಚಿದಾಗಲೆಲ್ಲ ಆ ಖೋಲಿಯ ಸಿಹಿ ಗಾಳಿ ಬಂದು ಸೇರಿಕೊಳ್ಳುತ್ತಿತ್ತು.

ಚುಚ್ಚಿದ ಜಾಗಗಳು ನೇರಳೆ ಬಣ್ಣಕ್ಕೆ ತಿರುಗಿದವು. ಒಂದೇ ಕಡೆ ಎರಡು ಸಲ ಚುಚ್ಚಬಾರದು. ಟೀಚರ್ ತಮ್ಮ ಹೊಲಿಗೆಯ ಪೆಟ್ಟಿಗೆಯಿಂದ ಬಟ್ಟೆಗೆ ಗೆರೆ ಹಾಕುವ ನೀಲಿ ಸುಣ್ಣದ ಬಿಲ್ಲೆ ತೆಗೆದು, ಹೊಕ್ಕುಳದ ಎಡಬಲಕ್ಕೆ ತಾವೇ ಸಾಲಾಗಿ ಗುರುತು ಹಾಕಿಕೊಂಡರು.

"ಗೆರಿ ಹಾಕದ ಕತ್ರಿ ಹಚ್ಚಬಾರ್ದವಾ. ಇವತ್ತ ಇಲ್ಲಿ, ನಾಳಿ ಇಲ್ಲಿ," ಎಂದರು.

ಅವರ ತಮ್ಮ ದೂರದಲ್ಲಿ ನಿಂತು ಮುಖ ತಿರುಗಿಸಿಕೊಳ್ಳುತ್ತಿದ್ದರು. ಗೊನೆ ಕಡಿಯುವ ಆ ಗಟ್ಟಿ ಮನುಷ್ಯನಿಗೆ ಸೂಜಿ ನೋಡಿದರೆ ತಲೆ ತಿರುಗುತ್ತಿತ್ತು. ಸೂಜಿ ಆದ ಮೇಲೆ ಮೂವರೂ ಸುಮ್ಮನೆ ಕೂರುತ್ತಿದ್ದೆವು. ಎಲೆಗಳ ಸದ್ದು ನಿಂತಾಗ ಟೀಚರ್ ಎದೆಯ ಟಿಕ್ ಟಿಕ್ ಕೇಳುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಅವರು ಒಂದು ದಿನ ಹೇಳಿದರು:

"ಅಂಜಿಕಿ ಬರ್ತದವಾ ನನಗ. ಇಷ್ಟು ವರ್ಷ ನನ್ನ ಗುಳಿಗಿ ನನ್ನ ಕೈಯಾಗ ಇತ್ತು. ಈಗ ನಾ ಪೂರಾ ನಿನ್ನ ಕೈಯಾಗ ಇದ್ದೀನಿ."

ನಾನು ಅವರ ಕೈ ಹಿಡಿದುಕೊಂಡೆ. ಏನು ಹೇಳಿದೆನೋ... ನೆನಪಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ರಕ್ತ ಹೆಚ್ಚು ಹೋಗಲಿಲ್ಲ. ಗುಳಿಗೆ ಮತ್ತೆ ಶುರುವಾಯಿತು, ಜೊತೆಗೆ ಸೂಜಿಯೂ. ಗಾಜಿಪುರದ ಮನೆಗೆ ಕರೆತಂದೆವು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಂದು, ಬಂದ ಮೇಲೆ ಒಂದು ಸೂಜಿ ಹಾಕುತ್ತಿದ್ದೆ. ನಡುವೆ ರಕ್ತ ತೆಗೆದು ನೋಡಿದೆ. ಹದಕ್ಕೆ ಬರುತ್ತಿತ್ತು, ಆದರೆ ಪೂರ್ತಿ ಬಂದಿರಲಿಲ್ಲ.

ಅಷ್ಟರಲ್ಲಿ ಸೇಡಂನಲ್ಲಿ ಚಿಕ್ಕಪ್ಪನ ಮಗಳ ಮದುವೆ ನಿಶ್ಚಯ ಬಂತು. ಮೂರು ದಿನ ಹೋಗಬೇಕು. ಬೇರೆ ಯಾರನ್ನಾದರೂ ಸೂಜಿ ಹಾಕಲು ಹುಡುಕಬಹುದಿತ್ತು. ಡಾಕ್ಟರಿಗೆ ಒಂದು ಫೋನ್ ಮಾಡಬಹುದಿತ್ತು. ಎರಡೂ ಮಾಡಲಿಲ್ಲ. ನೇರಳೆಗಟ್ಟಿದ ಆ ಹೊಟ್ಟೆ ನೋಡಿ, ಇಷ್ಟು ಏರಿದ್ದು ನಾಳೆ ತಾನಾಗಿ ಹದಕ್ಕೆ ಬರುತ್ತದೆ, ಇವರಿಗೂ ನೋವು ತಪ್ಪಲಿ ಎಂದುಕೊಂಡೆ. ನನ್ನ ಅವಸರಕ್ಕೆ ನಾನು ಕರುಣೆಯ ಹೆಸರು ಕೊಟ್ಟೆ.

"ಇನ್ನ ಸೂಜಿ ಬ್ಯಾಡ್ರಿ ಟೀಚರ್. ಗುಳಿಗಿ ಅಷ್ಟೇ ಸಾಕು," ಎಂದೆ.

"ಡಾಕ್ಟರ್ ಹೇಳಿದ್ರೇನವಾ?"

"ಹೌದ್ರೀ, ಹೇಳ್ಯಾರ."

ಅವರು ಮತ್ತೆ ಕೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಸೇಡಂನಿಂದ ಬಂದವಳು ಚೀಲ ಇಟ್ಟು ನೇರ ಮೇಲೆ ಹೋದೆ. ಅವರು ಗೋಡೆಗೆ ಒರಗಿ ಕೂತಿದ್ದರು. ತುಟಿ ಬಿಳುಚಿತ್ತು. ಒಂದು ಮಾತಿಗೆ ಎರಡು ಸಲ ಉಸಿರೆಳೆದುಕೊಳ್ಳುತ್ತಿದ್ದರು.

"ನಿನ್ನೀಲಿಂದ ನನ್ನ ಸಪ್ಪಳ ನನಗ ಕೇಳವಲ್ದು ನೋಡು. ಕಿವಿ ಮಂದ ಆದ್ವೇನೋ ಅನ್ಕೊಂಡೆ... ಮೆಟ್ಲ ಇಳಿಯಾಕ ಹೋದ್ರ ದಮ್ ಹತ್ತತದ."

ನಾನು ಅವರ ಎದೆಗೆ ಕಿವಿ ಹಚ್ಚಿದೆ. ಟಿಕ್ ಎನ್ನುವ ಆ ಸ್ವಚ್ಛ ಸದ್ದು ಇರಲಿಲ್ಲ. ಬಟ್ಟೆ ಸುತ್ತಿದ ಕೈಯಿಂದ ಯಾರೋ ಒಳಗೆ ಬಾಗಿಲು ತಟ್ಟುತ್ತಿದ್ದಂತೆ, ಮಂದವಾಗಿ, ದೂರದಲ್ಲಿ... ಏನಾಗಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು, ಯಾಕಾಗಿದೆ ಎಂಬುದೂ ಗೊತ್ತಾಯಿತು. ಓಣಿಯ ಇಬ್ಬರು ಹೆಂಗಸರು ಕುರ್ಚಿಯಲ್ಲಿ ಕೂಡಿಸಿ ಕೆಳಗಿಳಿಸಿದರು. ಆಟೊದಲ್ಲಿ ಅವರ ತಲೆ ನನ್ನ ಭುಜದ ಮೇಲಿತ್ತು.

ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿ ನೋಡಿದರೆ ಕವಾಟದ ಒಂದು ಕದಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಿಕೊಂಡಿತ್ತು, ಅದು ಅರ್ಧವೇ ತೆರೆಯುತ್ತಿತ್ತು. ನನ್ನ ಲೆಕ್ಕದಂತೆ ರಕ್ತದ ಹದ ಏರಿರಲಿಲ್ಲ, ಮತ್ತೆ ಇಳಿದಿತ್ತು. ಡಾಕ್ಟರ ಮುಖ ಕೆಂಪಾಯಿತು.

"ಸೂಜಿ ಬಂದ್ ಮಾಡ್ರಿ ಅಂತ ಯಾರ್ ಹೇಳಿದ್ರು?"

ನಾನೇ ಎಂದು ಹೇಳಲು ನಾಲಿಗೆ ಎತ್ತುವಷ್ಟರಲ್ಲಿ ಮಂಚದ ಮೇಲಿಂದ ಟೀಚರ್ ದನಿ ಬಂತು.

"ನಾನೇ ಬಿಟ್ಟೆ ಸಾಹೇಬ್ರ. ಹೊಟ್ಟಿ ಭಾಳ ನೋಯ್ತಿತ್ತು. ಈ ಹುಡುಗಿ ಹಾಕ್ತೀನಿ ಅಂದ್ರೂ ನಾನೇ ಬ್ಯಾಡ ಅಂದೆ."

ಡಾಕ್ಟರು ಅವರನ್ನು ಬೈದರು. ಓದಿದವರು, ಟೀಚರ್ ಆಗಿದ್ದವರು, ಇಷ್ಟೂ ತಿಳಿಯಬಾರದೇ ಎಂದರು. ಸಾವಿರಾರು ಹೆಣ್ಣುಮಕ್ಕಳಿಗೆ ಕಲಿಸಿದ ಆ ಹೆಂಗಸು ತಪ್ಪು ಮಾಡಿದ ಹುಡುಗಿಯ ಹಾಗೆ ಕಣ್ಣು ಕೆಳಗೆ ಹಾಕಿ ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನೆ ನಿಂತಿದ್ದೆ.

ಹೊಟ್ಟೆಯ ಗಾಯ ಇನ್ನೂ ಹಸಿಯಾಗಿತ್ತು. ಹೆಪ್ಪನ್ನು ಒಮ್ಮೆಲೇ ಕರಗಿಸುವ ಜೋರು ಔಷಧ ಕೊಟ್ಟರೆ ಅಲ್ಲಿಂದ ರಕ್ತ ಹರಿಯುವ ಭಯ. ಅದು ಬಿಟ್ಟರೆ ಎದೆಯನ್ನು ಮತ್ತೆ ತೆರೆಯಬೇಕು. ಹಾಗಾಗಿ ಸಲಾಯಿನ್ನಿನಲ್ಲಿ ಹನಿಹನಿಯಾಗಿ ರಕ್ತ ತೆಳುವಾಗಿಸುವ ಔಷಧ ಬಿಟ್ಟು, ತಾಸುತಾಸಿಗೆ ಪರೀಕ್ಷೆ ಮಾಡುತ್ತ ಕಾದರು. ಕಮಲಾಪುರದಿಂದ ತಮ್ಮ ಓಡಿ ಬಂದು ಹೊರಗೆ ಬೆಂಚಿನ ಮೇಲೆ ಕೂತವರು ಏಳಲೇ ಇಲ್ಲ. "ಔಷಧದಾಗ ಅಕ್ಕ ಎಂದೂ ಹಿಂಗ ಹಟಾ ಮಾಡಿದಾಕಿ ಅಲ್ಲವ್ವಾ," ಎಂದು ನನ್ನನ್ನೇ ನೋಡಿ ಕಣ್ಣೊರೆಸಿಕೊಂಡರು.

ಐದನೆಯ ದಿನದ ಮಧ್ಯಾಹ್ನ. ವಾರ್ಡಿನಲ್ಲಿ ಊಟ ಮುಗಿದು ಎಲ್ಲರಿಗೂ ಜೊಂಪು ಹತ್ತಿತ್ತು. ನಾನೂ ಅವರ ಹಾಸಿಗೆಯ ಅಂಚಿಗೆ ತಲೆಯಿಟ್ಟು ಅರೆನಿದ್ದೆಯಲ್ಲಿದ್ದೆ. ಬಾಳೆತೋಟ, ಹಸಿರು ಬಿಸಿಲು, ಏನೇನೋ ತೇಲುತ್ತಿದ್ದವು. ಅದರೊಳಗೆ ಟಿಕ್... ಮತ್ತೆ ಟಿಕ್. ಕನಸೆಂದೇ ತಿಳಿದೆ. ತಲೆಯೆತ್ತಿದರೆ ಟೀಚರ್ ನನ್ನನ್ನೇ ನೋಡುತ್ತಿದ್ದರು.

"ಕೇಳಾಕತ್ತದಲ್ಲ?" ಎಂದರು.

ನಾನು ಅವರ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತೆ.

ಮನೆಗೆ ಬಂದ ಮೇಲೆ ಒಂದು ದಿನ ಧೈರ್ಯ ಮಾಡಿ, "ಟೀಚರ್, ಆವತ್ತು ನಾನು..." ಎಂದು ಶುರು ಮಾಡಿದೆ. ಅವರು ಕೈಯೆತ್ತಿ ತಡೆದರು.

"ನಿನ್ನ ನೌಕರಿ ಹೋದ್ರ ನನಗ ಸೂಜಿ ಯಾರ್ ಹಾಕ್ತಾರ?" ಎಂದು ನಕ್ಕರು. ಆಮೇಲೆ ನಗು ಬಿಟ್ಟು, ಮೆಲ್ಲಗೆ ಹೇಳಿದರು. "ಇನ್ನೊಬ್ರಿಗೆ ಮಾತ್ರ ಹಿಂಗ ಮಾಡಬ್ಯಾಡ ನನ್ನವ್ವಾ. ಎಲ್ಲಾರಿಗೂ ತಮ್ಮ ಸಪ್ಪಳ ಕೇಳೂದಿಲ್ಲ."

ಅಷ್ಟೇ. ಆ ವಿಷಯ ಅವರು ಮತ್ತೆ ಎತ್ತಲಿಲ್ಲ, ನಾನು ಎತ್ತಲು ಹೋದಾಗಲೆಲ್ಲ ಮಾತು ತಿರುಗಿಸಿದರು. ಕೆಲವು ವರ್ಷಗಳಾದ ಮೇಲೆ ಗಾಜಿಪುರದ ಮನೆ ಬಿಟ್ಟು ತಮ್ಮನ ಹತ್ತಿರ ಕಮಲಾಪುರಕ್ಕೆ ಹೋದರು. ನಾನು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ರಕ್ತ ತೆಗೆದುಕೊಂಡು ಬರುತ್ತಿದ್ದೆ. ನನ್ನ ಮಗಳಿಗೆ ಅವರು ಹೊಲಿದ ಕುಲಾವಿ ಇನ್ನೂ ಇದೆ.

ಹೋದ ಚಳಿಗಾಲದಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ನಾಲ್ಕೇ ದಿನ, ಹೋಗಿಬಿಟ್ಟರು. ಕವಾಟದ ದೋಷವಲ್ಲ, ಗುಳಿಗೆಯದೂ ಅಲ್ಲ. ಆದರೂ ಸುದ್ದಿ ಕೇಳಿದಾಗ ಮನಸ್ಸಿನಲ್ಲಿ ಮೊದಲು ಎದ್ದದ್ದು ನನ್ನ ಆ ಹಳೆಯ ಸುಳ್ಳೇ. ತೀರಿಕೊಂಡ ಮೂರನೆಯ ದಿನ ಕಮಲಾಪುರಕ್ಕೆ ಹೋದವಳು ಅವರ ತಮ್ಮನನ್ನು ಬದಿಗೆ ಕರೆದು, ತಲೆ ತಗ್ಗಿಸಿ ಎಲ್ಲ ಹೇಳಿಬಿಟ್ಟೆ. ಡಾಕ್ಟರ್ ಹೇಳಿರಲಿಲ್ಲ, ನಾನೇ ಹೇಳಿದ್ದು, ಟೀಚರ್ ತಪ್ಪು ತಮ್ಮ ಮೇಲೆ ಹಾಕಿಕೊಂಡು ನನ್ನನ್ನು ಉಳಿಸಿದ್ದು.

ಅವರು ಬೈಯಲಿ ಎಂದು ಕಾದೆ.

"ಅಕ್ಕ ಏನ್ ಹೇಳ್ಯಾಳೋ ಅದೇ ಖರೆ ಇರ್ಲಿ ಬಿಡವಾ," ಎಂದರು ಕೊನೆಗೆ. "ಆಕಿ ಹೊಲಿದದ್ದು ನೀ ಯಾಕ ಬಿಚ್ಚತಿ?" ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಇಟ್ಟರು.

ಈಗಲೂ ಲ್ಯಾಬಿಗೆ ಅಂಥವರು ಬರುತ್ತಾರೆ. ಆಪರೇಷನ್ ಆದವರು, ಗುಳಿಗೆಯೂ ಸೂಜಿಯೂ ನಡೆದಿರುವವರು. ಮೊನ್ನೆ ಒಬ್ಬರು ತಮ್ಮ ತಾಯಿಯನ್ನು ಕರೆತಂದು, "ಇನ್ನ ಎಷ್ಟು ದಿನ ಈ ಸೂಜಿ?" ಎಂದು ಕೇಳಿದರು. "ದಿನ ಎಣಿಸಬ್ಯಾಡ್ರಿ," ಎಂದೆ. "ರಿಪೋರ್ಟ್ ನೋಡಿ ಡಾಕ್ಟರ್ ಬಾಯಿಲೆ ಬಂದ್ ಮಾಡ್ರಿ ಅನ್ನೂತನಾ ಹಾಕಸ್ರಿ. ನಾ ಹೇಳಿದ್ರೂ ಬಿಡಬ್ಯಾಡ್ರಿ."

ಚೇಷ್ಟೆ ಎಂದುಕೊಂಡು ಅವರು ನಕ್ಕರು. ನಾನು ನಗಲಿಲ್ಲ. ಆ ಮಾತು ಯಾಕೆ ಹೇಳಿದೆ ಎಂದು ಟೀಚರ್ ಇದ್ದಿದ್ದರೆ ತಿಳಿಯುತ್ತಿದ್ದರು. ತಪ್ಪಾಯಿತು ಎಂಬ ಒಂದು ಮಾತನ್ನು ನಾನು ಅವರಿಗೆ ಪೂರ್ತಿಯಾಗಿ ಒಮ್ಮೆಯೂ ಹೇಳಲಿಲ್ಲ... ಇನ್ನು ಹೇಳುವಂತೆಯೂ ಇಲ್ಲ.