ಟೀಚರಕ್ಕನ ಕೈಪಿಡಿ

ನೀವು ಗೈಡ್ ಇಟ್ಟುಕೊಂಡು ಪಾಸಾದವರೋ, ಇಲ್ಲದೆ ಪಾಸಾದವರೋ? ನಿಜ ಹೇಳಿ, ಈಗ ಯಾರೂ ಹೊಡೆಯುವುದಿಲ್ಲ. ಹೊಡೆಯುವವರು ಸುಂಟಿಕೊಪ್ಪದಲ್ಲಿ ಒಬ್ಬರಿದ್ದರು, ಅವರೂ ಹೋಗಿಬಿಟ್ಟರು.

ಪಾರ್ವತಿ ಟೀಚರಿಗೆ ಗೈಡಿನ ವಾಸನೆ ಹಿಡಿಯುವ ಮೂಗಿತ್ತು. ತರಗತಿಯ ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದುಕೊಂಡರೆ ಯಾವ ಬೆಂಚಿನ ಯಾವ ಚೀಲದಲ್ಲಿ ಗೈಡ್ ಇದೆ ಎಂದು ಗೊತ್ತಾಗುತ್ತಿತ್ತಂತೆ. ಪಠ್ಯಪುಸ್ತಕದ ಕಾಗದಕ್ಕೆ ಅಂಟಿನ ವಾಸನೆ, ಗೈಡಿನ ಕಾಗದಕ್ಕೆ ಸೀಮೆಎಣ್ಣೆಯ ವಾಸನೆ ಎಂಬುದು ಅವರ ಸಿದ್ಧಾಂತ. ಸಿಕ್ಕ ಗೈಡು ಸೀದಾ ಶಾಲೆಯ ಉಪ್ಪಿಟ್ಟಿನ ಒಲೆಗೆ ಹೋಗುತ್ತಿತ್ತು. ಗೈಡ್ ಇಟ್ಟುಕೊಂಡವರು "ಕೈ ಚಾಚು" ಎಂಬ ಮಾತು ಕೇಳಬೇಕಾಗುತ್ತಿತ್ತು. ಅದರ ಮುಂದಿನದನ್ನು ಅಂಗೈಗಳೇ ಬಲ್ಲವು. ನನ್ನ ಮಗಳ ಅಂಗೈಯೂ ಬಲ್ಲದು.

"ಗೈಡ್ ಓದೋದು ಅಂದ್ರೆ ಬೇರೆಯವರು ಅಗಿದ ಎಲೆಅಡಿಕೆ ಇಸ್ಕೊಂಡು ಬಾಯಿಗೆ ಹಾಕ್ಕೊಂಡ ಹಾಗೆ" ಎನ್ನುತ್ತಿದ್ದರು. ಆ ಮಾತು ಕೇಳಿದ ಮೇಲೆ ಕೆಲವು ಮಕ್ಕಳು ಗೈಡು ಬಿಡದಿದ್ದರೂ ಎಲೆಅಡಿಕೆ ಬಿಟ್ಟವು.

ನಾನು ಅವರ ಪಕ್ಕದ ಮನೆಯವಳು. ವಯಸ್ಸಲ್ಲಿ ನನಗಿಂತ ಸ್ವಲ್ಪ ದೊಡ್ಡವರಾದ್ದರಿಂದ ಟೀಚರಕ್ಕ ಎನ್ನುತ್ತಿದ್ದೆ. ಈಗ ಫೋನಿನಲ್ಲಿ ಒಂದೇ ಬೆರಳಿನಿಂದ 'ಟೀಚರಕ್ಕ' ಎಂದು ಒತ್ತಿದರೆ ಅದು 'ಟೀ ಸಕ್ಕರೆ' ಎಂದು ತಿದ್ದುತ್ತದೆ. ಅವರಿದ್ದಿದ್ದರೆ ಫೋನನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಅವರ ಗೈಡು ದ್ವೇಷ ಶಾಲೆಯ ಗೇಟಿಗೆ ಮುಗಿಯುತ್ತಿರಲಿಲ್ಲ. ಹೊಸ ಮಿಕ್ಸಿ ಬಂದಾಗ ಅದರ ಜೊತೆ ಬಂದ ಪುಸ್ತಕವನ್ನು ಓದುವುದು ತಮ್ಮ ಬುದ್ಧಿಗೆ ಅವಮಾನ ಎಂದು ಕಸಕ್ಕೆ ಹಾಕಿದರು. ಮಿಕ್ಸಿ ಮೂರು ದಿನ ಬಾಳಿತು. ಟೂರಿಸ್ಟುಗಳು ಕಾರು ನಿಲ್ಲಿಸಿ ದಾರಿ ಕೇಳಿದರೆ, "ಹುಡುಕಿ, ಸಿಗುತ್ತೆ. ಸಿಗದಿದ್ರೆ ಇನ್ನೂ ಚೆನ್ನಾಗಿರೋದೇನಾದ್ರೂ ಸಿಗುತ್ತೆ" ಎಂದು ಕಳಿಸುತ್ತಿದ್ದರು. ಫೋನಿನೊಳಗಿನ ಹೆಂಗಸಿನ ಮಾತು ಕೇಳಿಕೊಂಡು ಒಂದು ಕಾರಿನವರು ನೇರ ನಮ್ಮ ಕಾಫಿ ಕಣಕ್ಕೇ ನುಗ್ಗಿ, ಒಣಗಲು ಹಾಕಿದ್ದ ಹಣ್ಣಿನ ಮೇಲೆ ಗಾಡಿ ಹತ್ತಿಸಿದ ದಿನ ಟೀಚರಕ್ಕನ ಮುಖ ನೋಡಬೇಕಿತ್ತು. ನಷ್ಟ ನನ್ನದು, ಸಂತೋಷ ಅವರದು. "ನೋಡಿದ್ಯಾ ಗಂಗೂ, ಗೈಡ್ ನಂಬಿದವರ ಗತಿ" ಎಂದು ವಾರಗಟ್ಟಲೆ ಹೇಳಿದರು.

ಇಂಥವರು ಬಚ್ಚಲ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ಕೂತವರಿಗೆ ಬೈಯಲು ಜನ ಸಾಲುತ್ತಿರಲಿಲ್ಲ. ಮನೆಯಲ್ಲಿದ್ದವಳು ತಮ್ಮನ ಮಗಳು ಕವಿತಾ ಒಬ್ಬಳೇ. ಕುಶಾಲನಗರದ ಬ್ಯಾಂಕಿನಲ್ಲಿ ಕೆಲಸ, ಬಿಡುವಿನಲ್ಲಿ ಟಿವಿಗೆ ಒಂದು ಪೆಟ್ಟಿಗೆ ಸಿಕ್ಕಿಸಿಕೊಂಡು ವಿಡಿಯೊ ಗೇಮ್ ಆಡುವ ಚಾಳಿ. ಅತ್ತೆಯ ಬಾಯಿಯಿಂದ ತಪ್ಪಿಸಿಕೊಳ್ಳಲು ಆಟ ಆಡಿಸುವ ಗುಂಡಿಗಳ ರಿಮೋಟನ್ನು ಅತ್ತೆಯ ಕೈಗೇ ಕೊಟ್ಟುಬಿಟ್ಟಳು.

ಆಟದಲ್ಲಿ ಒಬ್ಬಳು ಹುಡುಗಿ. ನೀರಲ್ಲಿ ಅರ್ಧ ಮುಳುಗಿದ ಊರೊಂದರಲ್ಲಿ ಲಾಟೀನು ಹಿಡಿದು ಕಾಣೆಯಾದ ಅಜ್ಜಿಯನ್ನು ಹುಡುಕಿಕೊಂಡು ಹೋಗುತ್ತಾಳೆ. ಒಂದೊಂದು ಮನೆಯ ಬಾಗಿಲಿಗೂ ಒಂದೊಂದು ಒಗಟು. ಬಿಡಿಸಿದರೆ ಬಾಗಿಲು ತೆರೆಯುತ್ತದೆ, ಇಲ್ಲವಾದರೆ ಹುಡುಗಿ ನೀರಿಗೆ ಬೀಳುತ್ತಾಳೆ.

ಮೊದಲ ದಿನ ಟೀಚರಕ್ಕ, "ಇದೇನು ಕೆಲಸವಿಲ್ಲದವರ ಆಟ" ಎಂದರು. ಎರಡನೆಯ ದಿನ ನಾನು ಹೋದಾಗ, "ಗಂಗೂ, ಟಿವಿಗೆ ಅಡ್ಡ ನಿಲ್ಲಬೇಡ" ಎಂದರು. ಒಂದು ವಾರದಲ್ಲಿ ಸೋಮವಾರದ ಭಜನೆ ಬಿಟ್ಟರು. "ಶಿವನಿಗೆ ನಾನು ಒಂದು ವಾರ ಬರದಿದ್ರೆ ಏನೂ ಆಗಲ್ಲ. ಈ ಮಗು ನೀರಲ್ಲಿ ನಿಂತಿದೆ" ಎಂಬುದು ಕಾರಣ. ಅವರಿಗೆ ಬೇಕಿದ್ದುದು ಒಂದೇ: ಹುಡುಗಿಗೆ ಅಜ್ಜಿ ಸಿಗಬೇಕು, ಆ ಅಜ್ಜಿಯನ್ನು ತಾವೇ ಹುಡುಕಿ ಕೊಡಬೇಕು. ಯಾರೂ ಹೇಳಿಕೊಡಕೂಡದು.

ಹೀಗೆ ಹೋಗುತ್ತಾ ಹೋಗುತ್ತಾ ಗಂಟೆಮನೆ ಎಂಬಲ್ಲಿ ಹುಡುಗಿ ಸಿಕ್ಕಿಬಿದ್ದಳು. ಸೂರಿನಿಂದ ಸಾಲಾಗಿ ಗಂಟೆಗಳು ತೂಗುತ್ತವೆ. ಸರಿಯಾದ ಕ್ರಮದಲ್ಲಿ ಹಗ್ಗ ಎಳೆಯಬೇಕು. ತಪ್ಪಿದರೆ ಬುಳುಕ್. ಪ್ಲಾಸ್ಟರ್ ಬಿಚ್ಚಿದರೂ ಗಂಟೆ ಬಿಚ್ಚಲಿಲ್ಲ. ಬುಳುಕ್, ಬುಳುಕ್ ಎಂದು ನಮ್ಮ ಮನೆಗೂ ಕೇಳುತ್ತಿತ್ತು.

"ಅತ್ತೆ, ಮೊಬೈಲಲ್ಲಿ ವಿಡಿಯೊ ಇದೆ. ಯಾರೋ ಆಡಿ ತೋರಿಸಿದಾರೆ, ಫ್ರೀ" ಎಂದಳು ಕವಿತಾ.

"ಅವನು ಆಡೋದಾದ್ರೆ ಅವನ ಅಜ್ಜಿನ ಅವನು ಹುಡುಕ್ಲಿ. ನಮ್ಮಜ್ಜಿ ತಂಟೆಗೆ ಬರೋದು ಬೇಡ."

ಅಷ್ಟು ಹೇಳಿದವರು ಒಂದು ಮಧ್ಯಾಹ್ನ, ಕವಿತಾ ಬ್ಯಾಂಕಿಗೆ ಹೋದ ಹೊತ್ತು ನೋಡಿ ನನ್ನನ್ನು ಕರೆದರು. ಬಾಗಿಲು ಮುಂದಕ್ಕೆ ಮಾಡಿದರು.

"ಗಂಗೂ, ನಿಂಗೆ ಫೋನಲ್ಲಿ ಸಾಮಾನು ತರಿಸೋಕೆ ಬರುತ್ತಂತಲ್ಲ?"

"ಓ ಬರುತ್ತೆ. ಏನ್ ಬೇಕು, ಮಿಕ್ಸಿನಾ?"

"ಪುಸ್ತಕ. ಈ ಆಟದ ಬಗ್ಗೆ ಒಂದು ಕೈಪಿಡಿ ಇದೆಯಂತೆ. ಅಚ್ಚಾಗಿರೋದು."

"ಅಂದ್ರೆ ಗೈಡಾ ಟೀಚರಕ್ಕ?"

"ಕೈಪಿಡಿ ಅಂದೆ. ಕಿವಿ ಕೇಳಲ್ವಾ?"

ಫೋನಿನಲ್ಲಿ ಹುಡುಕಿದೆ. ಸಿಕ್ಕಿತು. ಆ ಬೆಲೆಗೆ ಒಂದು ಒಳ್ಳೆಯ ಕಂಬಳಿ ಬರುತ್ತಿತ್ತು. ಹಾಗೆಂದೂ ಹೇಳಿದೆ. "ಕಂಬಳಿ ಹೊದ್ಕೊಂಡ್ರೆ ಗಂಟೆ ಬಾರಿಸುತ್ತಾ?" ಎಂದರು. ಪುಕ್ಕಟೆ ವಿಡಿಯೊ ಬಿಟ್ಟು ದುಡ್ಡು ಕೊಟ್ಟು ಪುಸ್ತಕ ಯಾಕೆ ಎಂದು ಕೇಳಿದ್ದಕ್ಕೆ ಅವರ ಉತ್ತರ ಸಿದ್ಧವಿತ್ತು: ವಿಡಿಯೊದವನು ಬೇಡವೆಂದರೂ ಎಲ್ಲಾ ಹೇಳಿಬಿಡುತ್ತಾನೆ, ಪುಸ್ತಕವಾದರೆ ಬೇಕಾದ ಪುಟ ಮಾತ್ರ ತೆರೆಯಬಹುದು, ಬೇಡದ್ದನ್ನು ಮುಚ್ಚಿಡಬಹುದು. ಗೈಡು ಮುಚ್ಚಿಡುವ ಕಲೆ ಅವರಿಗೆ ಯಾರು ಕಲಿಸಿದರೋ. ಅವರ ವಿದ್ಯಾರ್ಥಿಗಳೇ ಇರಬೇಕು.

ಒಂದು ವಿಷಯವನ್ನು ನಾನು ಅವರಿಗೆ ಹೇಳಲಿಲ್ಲ. ಕೊರಿಯರಿನವನು ನಮ್ಮ ಏರು ಹತ್ತುವುದಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಬಸವರಾಜನ ಪುಸ್ತಕದಂಗಡಿಯಲ್ಲಿ ಇಟ್ಟುಹೋಗುತ್ತಾನೆ. ಬಸವರಾಜ ಟೀಚರಕ್ಕನ ಹಳೇ ವಿದ್ಯಾರ್ಥಿ. ಹತ್ತನೇ ತರಗತಿಯಲ್ಲಿ ಅವನ ಇಂಗ್ಲಿಷ್ ಗೈಡು ಪರೀಕ್ಷೆಗೆ ಸ್ವಲ್ಪ ಮುಂಚೆ ಒಲೆಗೆ ಹೋಗಿತ್ತು, ಅವನು ಇಂಗ್ಲಿಷಿನಲ್ಲಿ ಫೇಲಾಗಿದ್ದ. ಆ ಒಲೆಯ ಮೇಲೆ ಸೇಡು ತೀರಿಸಿಕೊಂಡವನಂತೆ ಈಗ ಅಂಗಡಿ ತುಂಬಾ ಗೈಡುಗಳನ್ನೇ ಜೋಡಿಸಿಟ್ಟಿದ್ದ.

ಸಂತೆಯ ದಿನ ಫೋನಿಗೆ ಸುದ್ದಿ ಬಂತು. ಪಾರ್ಸೆಲು ಯಾರ ಅಂಗಡಿಯಲ್ಲಿದೆ ಎಂದು ಆಗ ಹೇಳಲೇಬೇಕಾಯಿತು. ಟೀಚರಕ್ಕ ಕೋಲೂರಿಕೊಂಡು ಹೊರಟರು, ಚೀಲ ಹಿಡಿಯಲು ನಾನು. ಅಂಗಡಿಯಲ್ಲಿ ಮಗಳಿಗೆ ಗೈಡ್ ಕೊಳ್ಳಲು ಬಂದ ಒಬ್ಬಳು ತಾಯಿ, ಜೆರಾಕ್ಸಿಗೆ ಕಾದ ಇಬ್ಬರು. ಮಳೆಗೆ ನೆನೆದು ಪಾರ್ಸೆಲಿನ ರಟ್ಟು ಹರಿದು, ಒಳಗಿನ ಹುಡುಗಿ, ಲಾಟೀನು, ದಪ್ಪಕ್ಷರದ ಇಂಗ್ಲಿಷ್ ಎಲ್ಲ ಕಾಣುತ್ತಿತ್ತು. ಬಸವರಾಜ ಅದನ್ನು ಮೇಜಿನ ಮೇಲೆ, ತನ್ನ ಎರಡೂ ಕೈ ಕೆಳಗೆ ಇಟ್ಟುಕೊಂಡು ಕೂತಿದ್ದ.

"ಬಸವರಾಜ, ನನಗೊಂದು ಕೈಪಿಡಿ ಬಂದಿರಬೇಕು ನೋಡಪ್ಪ."

ಅವನು ಹಿಂದೆ ತಿರುಗಿ ಕಪಾಟೆಲ್ಲ ಹುಡುಕಿದ. "ಕೈಪಿಡಿ ಅಂತ ಯಾವ್ದೂ ಬಂದಿಲ್ಲ ಟೀಚರ್."

"ಇರಬೇಕು ಕಣೋ. ಮಾರ್ಗದರ್ಶಿ."

"ಮಾರ್ಗದರ್ಶಿನೂ ಇಲ್ಲ ಟೀಚರ್."

"ಆಕರ ಗ್ರಂಥ."

"ಅಯ್ಯೋ, ಅಷ್ಟು ದೊಡ್ಡದೆಲ್ಲ ನಮ್ಮಂಗಡೀಗೆ ಬರಲ್ಲ. ಇಲ್ಲೊಂದು ಗೈಡ್ ಬಂದಿದೆ. ಅದು ಯಾರ್ದೋ ಏನೋ."

ಜೆರಾಕ್ಸಿನವರು ಜೆರಾಕ್ಸ್ ಮರೆತರು. ನಾನು ಚೀಲದೊಳಗೆ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ, ನಗು ಬಂದರೆ ಟೀಚರಕ್ಕ ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಅವರು ಬಾಗಿಲ ಕಡೆ ತಿರುಗಿದರು. ಎರಡು ಹೆಜ್ಜೆ ಹೋದರು ಕೂಡ. ಹೋಗಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಹುಡುಗಿ ಗಂಟೆಮನೆಯಲ್ಲಿ ನಿಂತಿದ್ದಳಲ್ಲ.

ತಿರುಗಿ ಬಂದು, ನಿವೃತ್ತಿಯಾದ ಮೇಲೆ ಯಾರೂ ಕೇಳಿರದ ತರಗತಿಯ ದನಿಯಲ್ಲಿ ಹೇಳಿದರು: "ಗೈಡ್ ಕೊಡೋ."

"ಯಾರಿಗೆ ಟೀಚರ್?"

"ನನಗೆ."

ಬಸವರಾಜ ಎದ್ದು ನಿಂತ. ಪುಸ್ತಕಕ್ಕೆ ಅಂಟಿದ್ದ ಒದ್ದೆ ರಟ್ಟನ್ನು ಬಿಡಿಸಿ, ಪಂಚೆಯ ತುದಿಯಲ್ಲಿ ಒರೆಸಿ, "ಕೈಪಿಡಿ ಅಲ್ವಾ ಟೀಚರ್, ಕೈ ಚಾಚಿ" ಎಂದ.

ಟೀಚರಕ್ಕ ಕೈ ಚಾಚಿದರು. ಅವನು ಎರಡೂ ಕೈಯಿಂದ ಇಟ್ಟ.

ಅವರು ಕೂಡಲೇ ಹೊರಡಲಿಲ್ಲ. "ನೀನು ಆ ವರ್ಷ ಫೇಲಾದದ್ದು ನನ್ನಿಂದಲೇನೋ?" ಎಂದು ಕೇಳಿದರು. ಅದನ್ನು ಕೇಳುವಾಗ ದನಿಯಲ್ಲಿ ತರಗತಿ ಇರಲಿಲ್ಲ.

"ಛೆ, ಬಿಡಿ ಟೀಚರ್. ಗೈಡ್ ಇದ್ದಿದ್ರೂ ನಾನು ಓದ್ತಿರ್ಲಿಲ್ಲ."

ಇದನ್ನೆಲ್ಲ ನೋಡಿದ ಆ ತಾಯಿ ಮಗಳಿಗೆ ಒಂದರ ಬದಲು ಎರಡು ಗೈಡ್ ಕೊಂಡಳು.

ಮನೆಗೆ ಬಂದು ಗಂಟೆಮನೆಯ ಪುಟ ತೆಗೆದರು. ದೊಡ್ಡ ಗಂಟೆಯಿಂದ ಶುರುಮಾಡಿ ಚಿಕ್ಕದಕ್ಕೆ ಬನ್ನಿ ಎಂದಿತ್ತು. ಹಾಗೇ ಎಳೆದರು. ಬುಳುಕ್. ಕನ್ನಡಕ ಒರೆಸಿಕೊಂಡು ಮತ್ತೆ ಎಳೆದರು. ಬುಳುಕ್. ಸಂಜೆ ಬಂದ ಕವಿತಾ ನಕ್ಕೂ ನಕ್ಕೂ ಸುಸ್ತಾಗಿ ಹೇಳಿದಳು, "ಅತ್ತೆ, ಪುಸ್ತಕ ಅಚ್ಚಾದ್ಮೇಲೆ ಗೇಮ್ ಅಪ್‌ಡೇಟ್ ಆಗಿದೆ. ಕ್ರಮ ಬದಲಾಯ್ಸಿದಾರೆ. ಅದಕ್ಕೇ ಯಾರೂ ಈಗ ಪುಸ್ತಕ ತಗೊಳಲ್ಲ."

"ಸಿಲಬಸ್ ಬದಲಾದ್ರೂ ಹಳೇ ಗೈಡ್ ಮಾರ್ತಾರಲ್ಲ, ಅದೇ ಬುದ್ಧಿ" ಎಂದರು ಟೀಚರಕ್ಕ. ಆದರೆ ಮುಖದಲ್ಲಿ ಬೇಸರವಿರಲಿಲ್ಲ, ಎಷ್ಟೋ ಕಾಲದ ಮೇಲೆ ಉತ್ತರಪತ್ರಿಕೆ ಸಿಕ್ಕ ಕಳೆ ಇತ್ತು. ಕೆಂಪು ಪೆನ್ನು ಬಂತು. ಗಂಟೆಮನೆಗೆ ದೊಡ್ಡ ಇಂಟು ಬಿತ್ತು. ಆಮೇಲೆ ಗೈಡಿನ ಚಿತ್ರವನ್ನೇ ದಿಟ್ಟಿಸುತ್ತಾ ಕೂತರು. ಅಚ್ಚಿನಲ್ಲಿ ಹತ್ತಿರದಿಂದ ಕಂಡಾಗ ಹೊಳೆದದ್ದು, ಗಂಟೆಗಳ ಹಗ್ಗಗಳೆಲ್ಲ ಒಂದೇ ಥರ ಸವೆದಿಲ್ಲ. ಶಾಲೆಯ ಗಂಟೆಯ ಹಗ್ಗವನ್ನು ಅಷ್ಟು ವರ್ಷ ನೋಡಿದವರು. ಹೆಚ್ಚು ಸವೆದದ್ದನ್ನು ಮೊದಲು, ಕಡಿಮೆ ಸವೆದದ್ದನ್ನು ಕೊನೆಗೆ ಎಳೆದರು. ಬಾಗಿಲು ಕಿರ್ರೆಂದಿತು.

"ಈಗ ಹೇಳಿ ಟೀಚರಕ್ಕ, ಗೈಡ್ ತಗೊಂಡಿದ್ದು ಲಾಭಾನಾ, ದಂಡಾನಾ?" ಎಂದು ಕೆಣಕಿದೆ.

"ಲಾಭಾನೇ. ಆದ್ರೆ ಗೈಡಲ್ಲಿ ತಪ್ಪಿರಬೇಕು. ಸರಿ ಇದ್ರೆ ದುಡ್ಡು ದಂಡ."

ಅಲ್ಲಿಂದ ಅವರ ಆಟದ ಪದ್ಧತಿಯೇ ಬದಲಾಯಿತು. ಮೊದಲು ಗೈಡ್ ಓದುವುದು, ಅದು ಹೇಳಿದ್ದಕ್ಕೆ ವಿರುದ್ಧ ಮಾಡುವುದು, ಗೆದ್ದರೆ ಗೈಡಿಗೆ ಸೊನ್ನೆ ಹಾಕುವುದು. ಕೆಲವು ಕಡೆ ಗೈಡು ಸರಿಯಾಗಿಯೇ ಇತ್ತು. ಅಲ್ಲೆಲ್ಲ ಮುಖ ಸಿಂಡರಿಸಿ ಅರ್ಧ ಅಂಕ ಕೊಡುತ್ತಿದ್ದರು. ಕೊನೆಯ ಅಧ್ಯಾಯ ಮಾತ್ರ ಕಣ್ಣಿಗೆ ಬೀಳಬಾರದೆಂದು ಆ ಪುಟಗಳ ಅಂಚನ್ನು ಸೂಜಿದಾರದಿಂದ ಹೊಲಿದುಬಿಟ್ಟರು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದೇ ಬಾಗಿಲು ಉಳಿದಿತ್ತು. ಅಷ್ಟರಲ್ಲಿ ಎದೆನೋವು ಬಂತು. ಮಡಿಕೇರಿಯ ಆಸ್ಪತ್ರೆಗೆ ಸೇರಿಸಿದರು. ಮರುದಿನ ಕವಿತಾ ಫೋನ್ ಮಾಡಿ, "ಗಂಗಜ್ಜಿ, ಅತ್ತೆ ಆ ಪುಸ್ತಕ ಕೇಳ್ತಿದಾರೆ, ತಗೊಂಬನ್ನಿ" ಎಂದಳು. ದನಿ ಸರಿಯಿರಲಿಲ್ಲ. ಡಾಕ್ಟರು ಏನೆಂದರೆಂದು ನಾನು ಕೇಳಲಿಲ್ಲ.

ಬಸ್ಸಿನಲ್ಲಿ ಪುಸ್ತಕ ತೊಡೆಯ ಮೇಲಿತ್ತು. ಆ ಬಾಗಿಲು ತೆರೆಯಲು ಅವರಿಗೆ ಪುರುಸೊತ್ತು ಸಿಗುತ್ತದೋ ಇಲ್ಲವೋ, ಅಜ್ಜಿ ಸಿಕ್ಕಳೆಂದಾದರೂ ಹೇಳೋಣ ಅನಿಸಿತು. ಹೊಲಿದ ಹಾಳೆಗಳನ್ನು ಕೊಳವೆಯಂತೆ ಉಬ್ಬಿಸಿ, ಫೋನಿನ ಟಾರ್ಚ್ ಬಿಟ್ಟು ಒಂದು ಕಣ್ಣಲ್ಲಿ ಇಣುಕಿದೆ. ಪಕ್ಕದ ಸೀಟಿನವಳು, "ಏನಜ್ಜಿ, ಹುಳ ಹೊಕ್ಕಿದ್ಯಾ?" ಎಂದಳು. "ಹ್ಞೂಂ, ನನ್ನ ತಲೇಗೆ" ಎಂದೆ. ಇಂಗ್ಲಿಷ್ ಓದಲಾಗಲಿಲ್ಲ, ಚಿತ್ರ ಕಂಡಿತು. ದೋಣಿಯಲ್ಲಿ ಹುಡುಗಿ ವಾಪಸು ಬರುತ್ತಿದ್ದಳು. ಒಬ್ಬಳೇ. ಲಾಟೀನು ಆರಿತ್ತು.

ಟೀಚರಕ್ಕ ದಿಂಬಿಗೆ ಒರಗಿದ್ದರು, ಮೂಗಿಗೆ ನಳಿಗೆ ಸಿಕ್ಕಿಸಿದ್ದರು. ಪುಸ್ತಕ ಕೈಗಿಟ್ಟೆ. ಅವರು ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ.

"ಇಣುಕಿದ್ಯಾ?"

"ಇಲ್ಲ ಟೀಚರಕ್ಕ. ಆದ್ರೆ ನಂಗನ್ಸುತ್ತೆ, ಅಜ್ಜಿ ಖಂಡಿತಾ ಸಿಗ್ತಾಳೆ. ಬರೆದಿರ್ತಾರೆ."

ಅವರಿಗೆ ನಗು ಬಂತು, ಅದರ ಹಿಂದೆಯೇ ಕೆಮ್ಮೂ ಬಂತು. ಕೆಮ್ಮು ನಿಲ್ಲುವ ತನಕ ನನ್ನ ಕೈ ಹಿಡಿದುಕೊಂಡಿದ್ದರು. ಆಮೇಲೆ ಹೇಳಿದರು: "ಸುಳ್ಳು ಹೇಳೋಕೂ ಬರಲ್ವಲ್ಲೇ ನಿಂಗೆ. ಸಿಗಲ್ಲ ಅಂತ ತಾನೇ ಬರೆದಿರೋದು? ಗಂಟೆ ವಿಷಯದಲ್ಲೇ ತಪ್ಪಿದ ಪುಸ್ತಕ, ಅಜ್ಜಿ ವಿಷಯ ಅದಕ್ಕೇನೇ ಗೊತ್ತು? ಸಿಗ್ತಾಳೆ, ಸುಮ್ನೆ ಕೂತ್ಕೋ."