ಸಿಗದ ಪಾರ್ಟು

ನಮ್ಮ ಬೀದಿಯ ಗಾಡಿ ಎಸಿ ಮೆಕ್ಯಾನಿಕ್ ಎದುರು ‘ಗ್ಯಾಸ್ ಖಾಲಿಯಾಗಿರ್ಬೇಕು’ ಎಂದರೆ ಕತೆ ಮುಗಿಯಿತು. “ಹಾಗಾದ್ರೆ ನೀವೇ ಮಾಡ್ಕೊಳ್ಳಿ,” ಎಂದು ಸ್ಪ್ಯಾನರನ್ನು ಗಿರಾಕಿಯ ಕೈಗೇ ಕೊಟ್ಟುಬಿಡುತ್ತಾರೆ. ಯಾವ ಪಿಕಪ್ ಬಂದರೂ ಒಳಗೆ ಕೂತು, ಕಿಟಕಿ ಏರಿಸಿ, ಗಾಳಿ ಬರುವ ಜಾಲರಿಗೆ ಕೆನ್ನೆಯಾನಿಸಿ ಕಣ್ಣು ಮುಚ್ಚುತ್ತಾರೆ, ಮಾಲೀಕ ಕೆಮ್ಮುವಂತಿಲ್ಲ. ಕೆಟ್ಟಿದ್ದು ಬೆಲ್ಟೋ ಫ್ಯಾನೋ ಎಂದು ಕೆನ್ನೆಯೇ ಹೇಳುತ್ತದೆ. ಇಂಥವರ ಸ್ವಂತ ಪಿಕಪ್‌ನ ಹೀಟರ್ ಮಾತ್ರ ಮದುವೆಯಾದ ಮೊದಲ ಚಳಿಗಾಲದಿಂದಲೂ ಕೆಟ್ಟಿದೆ. ಕೇಳಿದರೆ, “ಪಾರ್ಟ್ ಸಿಗ್ತಿಲ್ಲ,” ಎನ್ನುತ್ತಾರೆ. ಚಳಿಯ ಬೆಳಗ್ಗೆ ಗಂಡಹೆಂಡತಿ ಒಂದೇ ಶಾಲು ಹೊದ್ದು, ಅಂಟಿಕೊಂಡು ಕೂತು ಅಂಗಡಿಗೆ ಬರುತ್ತಾರೆ. ಮೊನ್ನೆ ಅಂಗಡಿ ಬಾಗಿಲಲ್ಲಿ ಅವರ ಹೆಂಡತಿ ಬೀಗದ ಕೈಗೆಂದು ಪರ್ಸ್ ತಡಕಿದಾಗ ಹಳೆಯ ಫ್ಯೂಸೊಂದು ನನ್ನ ಕಾಲ ಬಳಿ ಬಿತ್ತು. “ನಮ್ಮ ಹೀಟರ್‌ದು, ನಾನೇ ತೆಗೆದಿಟ್ಟಿದ್ದು. ಅವ್ರಿಗೂ ಗೊತ್ತು,” ಎಂದರು ಆಕೆ. “ಅವ್ರು ಕೇಳಿಲ್ಲ, ನಾನೂ ಕೊಟ್ಟಿಲ್ಲ.”